ಬ್ಯಾಕಪ್ ಮುಗಿಯಿತು, ಫೈಲ್ ಎಲ್ಲಿ ಹೋಯಿತು?

ಗಂಗಾವತಿಯಲ್ಲಿ ಸಂಜೆ ಬ್ಯಾಚಿನಲ್ಲಿ ನಮ್ಮ ಜೊತೆ ಕಂಪ್ಯೂಟರ್ ರಿಪೇರಿ, ನೆಟ್‌ವರ್ಕಿಂಗ್ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಬ್ಯಾಕಪ್ ಒಂದು ಪಾಠ, ಆಂಟಿವೈರಸ್ ಇನ್ನೊಂದು ಪಾಠ ಅಂತ ಬೇರೆ ಬೇರೆ ಓದುತ್ತೇವೆ. ಕೆಲಸದ ಜಾಗದಲ್ಲಿ ಎರಡೂ ಒಂದೇ ರಾತ್ರಿ, ಒಂದೇ ಡಿಸ್ಕಿನ ಮೇಲೆ ಓಡುತ್ತವೆ. ತೊಂದರೆ ಹುಟ್ಟುವುದು ಅಲ್ಲೇ.

ನಾನು ಒಂದು ರೈಸ್ ಮಿಲ್ಲಿನ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಸುಗ್ಗಿ ಹೊತ್ತಿನಲ್ಲಿ ಒಬ್ಬ ರೈತರು ಬಂದು ಎರಡು ವರ್ಷದ ಹಿಂದಿನ ತೂಕದ ಚೀಟಿಯ ನಕಲು ಕೇಳಿದರು. ಗುಮಾಸ್ತರು ಫೋನ್ ಮಾಡಿದರು: "ತಮ್ಮಾ, ಹಳೇ ಚೀಟಿ ತೆಗಿಯೋ ಪ್ರೋಗ್ರಾಮ್ ಓಪನ್ ಆಗವಲ್ದು." ಹೋಗಿ ನೋಡಿದೆ. ಐಕಾನ್ ಇತ್ತು, ಒಳಗಿನ ಫೈಲ್ ಇರಲಿಲ್ಲ. ಚಿಂತೆ ಇಲ್ಲ, ಬ್ಯಾಕಪ್ ಇದೆಯಲ್ಲ ಅಂದುಕೊಂಡೆ. ಹಳೆ ಹಾರ್ಡ್‌ಡಿಸ್ಕ್ ಹಚ್ಚಿದೆ, ಅಲ್ಲೂ ಇಲ್ಲ. ಹೊಸದಾಗಿ ತಂದಿದ್ದ ಡಿಸ್ಕ್ ಹಚ್ಚಿದೆ, ಅಲ್ಲೂ ಇಲ್ಲ. ಪ್ರತಿ ರಾತ್ರಿ ಬ್ಯಾಕಪ್ ಸರಿಯಾಗಿ ಮುಗಿದಿದೆ ಅಂತಲೇ ನಾನು ನಂಬಿದ್ದೆ. ಆ ರೈತರು ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದರು. ಅವತ್ತು ಅವರನ್ನು ಬರಿಗೈಯಲ್ಲಿ ಕಳಿಸಬೇಕಾಯಿತು. ಅದು ಇನ್ನೂ ಮನಸ್ಸಿನಲ್ಲಿದೆ.

ಒಳ್ಳೆ ಅಕ್ಕಿಯೂ ರಿಜೆಕ್ಟಿಗೆ ಹೋಗುತ್ತದೆ

ನಮ್ಮ ಮಿಲ್ಲುಗಳಲ್ಲಿ ಕಲರ್ ಸಾರ್ಟರ್ ನೋಡಿದ್ದೀರಿ, ಅಲ್ವಾ? ಅಕ್ಕಿ ಮೇಲಿಂದ ಬೀಳುತ್ತದೆ, ಕ್ಯಾಮೆರಾ ಬಣ್ಣ ನೋಡುತ್ತದೆ, ಕಪ್ಪು ಕಾಳು ಕಂಡರೆ ಗಾಳಿ ಊದಿ ಪಕ್ಕಕ್ಕೆ ಹಾರಿಸುತ್ತದೆ. ಸೆಟ್ಟಿಂಗ್ ಬಿಗಿ ಮಾಡಿದಷ್ಟೂ ಕಪ್ಪು ಕಾಳು ಉಳಿಯುವುದು ಕಮ್ಮಿ, ಆದರೆ ಒಳ್ಳೆ ಅಕ್ಕಿಯೂ ಜಾಸ್ತಿ ಹಾರುತ್ತದೆ. ಸಡಿಲ ಬಿಟ್ಟರೆ ಉಲ್ಟಾ.

ಆಂಟಿವೈರಸ್ಸಿನದೂ ಇದೇ ಕಥೆ. ಒಳ್ಳೆ ಫೈಲನ್ನು ವೈರಸ್ ಅಂತ ಹಿಡಿದರೆ ಅದಕ್ಕೆ ಫಾಲ್ಸ್ ಪಾಸಿಟಿವ್ ಅನ್ನುತ್ತಾರೆ. ನಿಜವಾದ ವೈರಸ್ಸನ್ನು ಬಿಟ್ಟುಬಿಟ್ಟರೆ ಫಾಲ್ಸ್ ನೆಗೆಟಿವ್. ಒಂದನ್ನು ಇಳಿಸಿದರೆ ಇನ್ನೊಂದು ಏರುವ ಕಡೆಗೆ ವಾಲುತ್ತದೆ.

ಆಂಟಿವೈರಸ್ ಗುರುತು ಹಿಡಿಯುವುದು ಹೇಗೆ? ಒಂದು, ಸಿಗ್ನೇಚರ್: ಗೊತ್ತಿರುವ ವೈರಸ್ಸಿನ ಬೈಟುಗಳ ಗುರುತು ಫೈಲಿನಲ್ಲಿ ಇದೆಯಾ ಅಂತ ನೋಡುವುದು. ಇನ್ನೊಂದು, ಹ್ಯೂರಿಸ್ಟಿಕ್: ವೈರಸ್ಸಿನ ತರಹ ಕಾಣುತ್ತದಾ ಅಂತ ಅಂದಾಜು ಮಾಡುವುದು. ತಪ್ಪು ಜಾಸ್ತಿ ಆಗುವುದು ಈ ಅಂದಾಜಿನಲ್ಲಿ. ಊರಿನ ಪ್ರೋಗ್ರಾಮರ್ ಯಾರೋ ಬರೆದುಕೊಟ್ಟ ಸಣ್ಣ ಪ್ರೋಗ್ರಾಮಿಗೆ ಡಿಜಿಟಲ್ ಸಹಿ ಇರುವುದಿಲ್ಲ. ಯುಪಿಎಕ್ಸ್ ತರಹದ ಪ್ಯಾಕರಿನಲ್ಲಿ ಅದನ್ನು ಕುಗ್ಗಿಸಿರುತ್ತಾರೆ. ವೈರಸ್ ಬರೆಯುವವರೂ ಅದೇ ಪ್ಯಾಕರ್ ಬಳಸುತ್ತಾರೆ. ಪ್ರಪಂಚದಲ್ಲಿ ಆ ಫೈಲ್ ಇರುವುದು ನಾಲ್ಕೈದು ಕಂಪ್ಯೂಟರಿನಲ್ಲಿ ಮಾತ್ರ, ಅದಕ್ಕೇ ಆಂಟಿವೈರಸ್ ಕಂಪನಿಯ ಕ್ಲೌಡಿನಲ್ಲಿ ಅದರ ಪರಿಚಯವೂ ಇಲ್ಲ. ನಮ್ಮ ಚೀಟಿ ಪ್ರೋಗ್ರಾಮ್ ಇಂಥದ್ದೇ.

ದೊಡ್ಡ ಆಂಟಿವೈರಸ್ ಕಂಪನಿಗಳಿಗೂ ಇದು ಆಗಿದೆ. 2010ರ ಏಪ್ರಿಲ್ 21ರಂದು ಮ್ಯಾಕಫಿಯ 5958 ಸಂಖ್ಯೆಯ ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿ ಓಡಲು ಬೇಕೇ ಬೇಕಾದ ಎಸ್‌ವಿಸಿಹೋಸ್ಟ್ ಫೈಲನ್ನೇ ವೈರಸ್ ಅಂತ ಹಿಡಿಯಿತು. ಎಷ್ಟೋ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಾ ನಿಂತುಬಿಟ್ಟವು. 2012ರ ಸೆಪ್ಟೆಂಬರಿನಲ್ಲಿ ಸೋಫೋಸ್ ತನ್ನದೇ ಅಪ್‌ಡೇಟರನ್ನು ಹಿಡಿಯಿತು. 2023ರ ಜನವರಿ 13ರಂದು ವಿಂಡೋಸಿನ ಜೊತೆಗೇ ಬರುವ ಆಂಟಿವೈರಸ್ ಆದ ಮೈಕ್ರೋಸಾಫ್ಟ್ ಡಿಫೆಂಡರಿನ ಒಂದು ನಿಯಮ ಎಡವಿ, ಸ್ಟಾರ್ಟ್ ಮೆನು ಮತ್ತು ಟಾಸ್ಕ್‌ಬಾರಿನ ಶಾರ್ಟ್‌ಕಟ್ಟುಗಳನ್ನು ಅಳಿಸಿಹಾಕಿತು.

ಒಳ್ಳೆ ಫೈಲ್ ಸಿಕ್ಕಿಬೀಳುವುದು ಬ್ಯಾಕಪ್ ದಿನವೇ ಯಾಕೆ?

ಇದನ್ನು ನಿಧಾನವಾಗಿ ಓದಿ. ಪರೀಕ್ಷೆಗೂ, ಕೆಲಸಕ್ಕೂ ಇದೇ ಮುಖ್ಯ.

ಆಂಟಿವೈರಸ್ ರಿಯಲ್ ಟೈಮಿನಲ್ಲಿ ಕಾಯುವಾಗ, ಯಾರಾದರೂ ಫೈಲ್ ತೆರೆದಾಗ ಅಥವಾ ಬರೆದಾಗ ಅದನ್ನು ನೋಡುತ್ತದೆ. ದಿನದ ಕೆಲಸದಲ್ಲಿ ನಾವು ತೆರೆಯುವ ಫೈಲ್ ಸ್ವಲ್ಪವೇ. ಪೂರ್ತಿ ಬ್ಯಾಕಪ್ ಮಾತ್ರ ವರ್ಷಗಟ್ಟಲೆ ಯಾರೂ ಮುಟ್ಟದ ಫೈಲನ್ನೂ ತೆರೆಯುತ್ತದೆ. ಲೆಕ್ಕಕ್ಕೆ ಅಂತ ಲಕ್ಷಕ್ಕೆ ಒಂದು ತಪ್ಪು ಅಂತ ಹಿಡಿಯಿರಿ. ನಾಲ್ಕು ಲಕ್ಷ ಫೈಲಿನ ಡಿಸ್ಕಿನಲ್ಲಿ ಒಂದೇ ರಾತ್ರಿ ನಾಲ್ಕು ಒಳ್ಳೆ ಫೈಲ್ ಹೋದವು. ಆ ಡಿಸ್ಕಿನಲ್ಲಿ ವೈರಸ್ಸೇ ಇಲ್ಲದಿದ್ದರೆ, ಹಿಡಿದ ನಾಲ್ಕೂ ತಪ್ಪೇ. ನಿನ್ನೆ ಪಾಸಾದ ಫೈಲ್ ಇವತ್ತಿನ ಅಪ್‌ಡೇಟ್ ಬಂದ ಮೇಲೆ ಫೇಲಾಗಬಹುದು, ಅದೂ ಸೇರಿಸಿಕೊಳ್ಳಿ.

ನಮ್ಮ ಮಿಲ್ಲಿನಲ್ಲಿ ಆದದ್ದು ಹೀಗೆ. ಹೊಸ ಡಿಸ್ಕಿಗೆ ಮೊದಲ ಸಲ ಪೂರ್ತಿ ಕಾಪಿ ಹಚ್ಚಿದ್ದೆ. ಆ ಕಾಪಿ ಚೀಟಿ ಪ್ರೋಗ್ರಾಮನ್ನು ತೆರೆದ ಕೂಡಲೇ ಆಂಟಿವೈರಸ್ ಎತ್ತಿಕೊಂಡುಹೋಯಿತು. ಹೊಸ ಡಿಸ್ಕಿಗೆ ಅದು ಸೇರಲೇ ಇಲ್ಲ. ಬೆಳಗಿನ ಜಾವ ಎಂದಿನ ಮಿರರ್ ಬ್ಯಾಕಪ್ ಹಳೆ ಡಿಸ್ಕಿಗೆ ಓಡಿತು. ಅದಕ್ಕೆ ನಾನು ಬಳಸುವುದು ರೋಬೋಕಾಪಿ, ವಿಂಡೋಸಿನಲ್ಲೇ ಇರುವ ಕಾಪಿ ಮಾಡುವ ಕಮಾಂಡ್. ಅದರ ಮಿರ್ ಆಯ್ಕೆ ಅಂದರೆ ಎರಡೂ ಕಡೆ ಒಂದೇ ತರಹ ಮಾಡು ಅಂತ. ಮೂಲದಲ್ಲಿ ಇಲ್ಲದ್ದು ಬ್ಯಾಕಪ್ಪಿನಲ್ಲಿ ಇದ್ದರೆ ಅದನ್ನು ಅಳಿಸುತ್ತದೆ. ಮೂಲದಲ್ಲಿ ಚೀಟಿ ಪ್ರೋಗ್ರಾಮ್ ಇಲ್ಲ, ಹಾಗಾಗಿ ಹಳೆ ಡಿಸ್ಕಿನಲ್ಲಿದ್ದ ಕೊನೆ ಕಾಪಿಯನ್ನೂ ಅಳಿಸಿತು. ಆ ಎರಡನೇ ಕಾಪಿಯನ್ನು ಅಳಿಸಿದ್ದು ಬ್ಯಾಕಪ್, ಆಂಟಿವೈರಸ್ ಅಲ್ಲ. ಮಿರರ್ ಅಂದರೆ ಕನ್ನಡಿ. ಎದುರಿಗೆ ಇದ್ದದ್ದನ್ನು ತೋರಿಸುತ್ತದೆ, ನಿನ್ನೆ ಇದ್ದದ್ದನ್ನು ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ರೀತಿಯೂ ಇದೆ. ಮೂಲದಲ್ಲಿ ಫೈಲ್ ಆರಾಮಾಗಿ ಇರುತ್ತದೆ, ಬ್ಯಾಕಪ್ ಡಿಸ್ಕಿನಲ್ಲಿ ಬರೆಯುವಾಗ ಸಿಕ್ಕಿಬೀಳುತ್ತದೆ. ಮೂಲ ಕೆಟ್ಟ ದಿನವೇ ಬ್ಯಾಕಪ್ಪಿನಲ್ಲಿ ಅದು ಇಲ್ಲ ಅಂತ ತಿಳಿಯುವುದು.

ಲಾಗಿನಲ್ಲಿ ಏನು ನೋಡಬೇಕು

ನಾನು ಲಾಗ್ ಇಟ್ಟಿದ್ದೆ, ಓದಿರಲಿಲ್ಲ. ರೋಬೋಕಾಪಿ ಕೊನೆಯಲ್ಲಿ ಒಂದು ಪಟ್ಟಿ ಕೊಡುತ್ತದೆ. ಅದರಲ್ಲಿ 'ಫೇಲ್ಡ್' ಮತ್ತು 'ಎಕ್ಸ್‌ಟ್ರಾಸ್' ಅನ್ನುವ ಎರಡು ಕಾಲಂ ನೋಡಿದರೂ ಸಾಕು. ಮಿರ್ ಹಚ್ಚಿದಾಗ ಎಕ್ಸ್‌ಟ್ರಾಸ್ ಅಂದರೆ ಬ್ಯಾಕಪ್ಪಿನಿಂದ ಅಳಿಸಿದ್ದು. ಯಾರೂ ಏನೂ ಅಳಿಸದ ದಿನ ಅಲ್ಲಿ ಸಂಖ್ಯೆ ಬಂದರೆ ತಕ್ಷಣ ನಿಲ್ಲಿಸಿ ಹುಡುಕಬೇಕು. ಎರರ್ 225 ಕಂಡರಂತೂ ಅನುಮಾನವೇ ಬೇಡ. ಫೈಲಿನಲ್ಲಿ ವೈರಸ್ ಇದೆ ಅಂತ ವಿಂಡೋಸ್ ತಡೆದಾಗ ಬರುವ ಸಂಖ್ಯೆ ಅದು. ರೋಬೋಕಾಪಿಯ ಎಕ್ಸಿಟ್ ಕೋಡ್, ಅಂದರೆ ಕೆಲಸ ಮುಗಿದಾಗ ಅದು ಕೊಡುವ ಸಂಖ್ಯೆ, 8 ಅಥವಾ ಅದಕ್ಕಿಂತ ಮೇಲಿದ್ದರೆ ಏನೋ ಕಾಪಿ ಆಗಿಲ್ಲ ಅಂತ ಅರ್ಥ. ಆದರೆ ಅಳಿಸಿದ್ದಕ್ಕೆ 8 ಬರುವುದಿಲ್ಲ, ಕೋಡ್ ಒಂದನ್ನೇ ನಂಬಬೇಡಿ. ಎಲ್ ಆಯ್ಕೆ ಸೇರಿಸಿ ಓಡಿಸಿದರೆ ಏನನ್ನೂ ಮುಟ್ಟದೆ, ಏನು ಮಾಡಲಿದೆ ಅಂತ ಪಟ್ಟಿ ಮಾತ್ರ ತೋರಿಸುತ್ತದೆ.

ಫೈಲ್ ವಾಪಸ್ ತರುವುದು

ಮೊದಲು ರಾತ್ರಿಯ ಬ್ಯಾಕಪ್ ಕೆಲಸ ನಿಲ್ಲಿಸಿ, ಡಿಸ್ಕ್ ಕಿತ್ತಿಡಿ. ಆಮೇಲೆ ಕ್ವಾರಂಟೈನ್ ನೋಡಿ. ಕೊರೊನಾ ಕಾಲದಲ್ಲಿ ಎಲ್ಲರಿಗೂ ಗೊತ್ತಾದ ಪದವೇ. ಫೈಲನ್ನು ಓಡಿಸಲು ಆಗದ ರೂಪದಲ್ಲಿ ಪ್ರತ್ಯೇಕವಾಗಿ ಇಟ್ಟಿರುತ್ತದೆ. ಡಿಫೆಂಡರಿನಲ್ಲಾದರೆ ವಿಂಡೋಸ್ ಸೆಕ್ಯುರಿಟಿಯ ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಿ ರಿಸ್ಟೋರ್ ಒತ್ತಬಹುದು. ನಮ್ಮ ಚೀಟಿ ಪ್ರೋಗ್ರಾಮ್ ಹನ್ನೆರಡು ದಿನದಿಂದ ಕ್ವಾರಂಟೈನಿನಲ್ಲೇ ಕೂತಿತ್ತು. ಸೆಟ್ಟಿಂಗಿನಲ್ಲಿ 'ನೇರ ಅಳಿಸು' ಅಂತ ಇದ್ದಿದ್ದರೆ ಅದೂ ಇಲ್ಲ. ಅದಕ್ಕೇ ಹೇಳುತ್ತೇನೆ, ಸೆಟ್ಟಿಂಗ್ ಯಾವಾಗಲೂ ಕ್ವಾರಂಟೈನಿಗೆ ಇರಲಿ.

ವಾಪಸ್ ತಂದ ಫೈಲನ್ನು ಓಡಿಸುವ ಮುಂಚೆ ಒಂದು ಪ್ರಶ್ನೆ: ಇದು ನಿಜವಾಗಿಯೂ ತಪ್ಪು ಗುರುತೇ? ಎಷ್ಟೋ ಸಲ ಆಂಟಿವೈರಸ್ಸೇ ಸರಿ ಇರುತ್ತದೆ. ಹಿಡಿದ ಹೆಸರಿನಲ್ಲಿ 'ಜೆನ್', 'ಹ್ಯೂರ್' ಅಂತ ಇದ್ದರೆ, ಅಥವಾ ಡಿಫೆಂಡರಿನಲ್ಲಿ ಹೆಸರಿನ ಕೊನೆಗೆ 'ಎಂಎಲ್' ಇದ್ದರೆ, ಅದು ಸಾಮಾನ್ಯವಾಗಿ ಅಂದಾಜಿನಲ್ಲಿ ಹಿಡಿದದ್ದು. ಗುಮಾಸ್ತರ ಡ್ರಾಯರಿನಲ್ಲಿ ಒಂದು ಹಳೆ ಪೆನ್‌ಡ್ರೈವ್ ಇತ್ತು. ಅದರಲ್ಲಿ ಆ ಪ್ರೋಗ್ರಾಮ್ ಹಾಕಿಕೊಟ್ಟ ದಿನದ ಕಾಪಿ ಸಿಕ್ಕಿತು. ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಬಳಸಿ ಎರಡರದೂ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ತೆಗೆದೆ. ಎರಡೂ ಒಂದೇ. ಅಂದರೆ ಈ ನಡುವೆ ಯಾವ ವೈರಸ್ಸೂ ಆ ಫೈಲಿಗೆ ಅಂಟಿಕೊಂಡಿಲ್ಲ. ಅದೇ ಹ್ಯಾಶನ್ನು ವೈರಸ್‌ಟೋಟಲಿನಲ್ಲಿ, ಅಂದರೆ ಹಲವು ಆಂಟಿವೈರಸ್ಸುಗಳ ಅಭಿಪ್ರಾಯ ಒಟ್ಟಿಗೆ ತೋರಿಸುವ ವೆಬ್‌ಸೈಟಿನಲ್ಲಿ, ಹುಡುಕಬಹುದು. ಹ್ಯಾಶ್ ಮಾತ್ರ ಹಾಕಿ. ರೈತರ ಹೆಸರು, ಲೆಕ್ಕ ಇರುವ ಫೈಲನ್ನೇ ಅಲ್ಲಿ ಏರಿಸಬೇಡಿ, ಏರಿಸಿದ್ದು ಹೊರಗಿನವರಿಗೂ ಸಿಗುತ್ತದೆ.

ಆಮೇಲೆ ಎಕ್ಸ್‌ಕ್ಲೂಷನ್, ಅಂದರೆ ಇದನ್ನು ನೋಡಬೇಡ ಅಂತ ಆಂಟಿವೈರಸ್ಸಿಗೆ ಹೇಳುವುದು. ಸುಮ್ನೆ ಇಡೀ ಡಿ ಡ್ರೈವ್ ಸೇರಿಸುವವರಿದ್ದಾರೆ. ಅದು ಮನೆ ಬಾಗಿಲು ತೆಗೆದು ಮಲಗಿದ ಹಾಗೆ. ಆ ಒಂದು ಫೈಲನ್ನು ಮಾತ್ರ ಸೇರಿಸಿ, ಆಂಟಿವೈರಸ್ ಕಂಪನಿಗೆ ಆ ಫೈಲ್ ಕಳಿಸಿ ತಪ್ಪು ತಿದ್ದಿಸಿ. ಮಿರರ್ ಬದಲು ಹಳೆ ವರ್ಷನ್ನುಗಳನ್ನು ಉಳಿಸಿಕೊಳ್ಳುವ ಬ್ಯಾಕಪ್ ಇಡಿ. ಮಿಲ್ಲಿನಲ್ಲಿ ಈಗ ಮೂರು ಕಾಪಿ, ಎರಡು ತರಹದ ಮಾಧ್ಯಮ, ಒಂದು ಮಿಲ್ಲಿನ ಹೊರಗೆ ಅಂತ ಮಾಡಿದ್ದೇವೆ.

ಕೈಯಾರೆ ಮಾಡಿ ನೋಡಿ

ಐಕಾರ್ ಅಂತ 68 ಅಕ್ಷರಗಳ ಒಂದು ಪರೀಕ್ಷಾ ಫೈಲ್ ಇದೆ. ಅದು ವೈರಸ್ ಅಲ್ಲ, ಏನೂ ಹಾಳು ಮಾಡುವುದಿಲ್ಲ. ಆಂಟಿವೈರಸ್ ಎಚ್ಚರವಾಗಿದೆಯಾ ಅಂತ ನೋಡಲು ಬಹುತೇಕ ಎಲ್ಲ ಕಂಪನಿಗಳೂ ಅದನ್ನು ವೈರಸ್ಸಿನಂತೆ ಹಿಡಿಯುತ್ತವೆ. ಕ್ಲಾಸಿನ ಹಳೆ ಕಂಪ್ಯೂಟರಿನಲ್ಲಿ 'ಮೂಲ', 'ನಕಲು' ಅಂತ ಎರಡು ಫೋಲ್ಡರ್ ಮಾಡಿ, ಎರಡನ್ನೂ ಎಕ್ಸ್‌ಕ್ಲೂಷನ್ನಿಗೆ ಸೇರಿಸಿ. ಮೂಲದಲ್ಲಿ ಐಕಾರ್ ಫೈಲಿನ ಜೊತೆ ಒಂದೆರಡು ಬೇರೆ ಫೈಲ್ ಇಟ್ಟು ಮಿರ್ ಓಡಿಸಿ. ಎರಡೂ ಕಡೆ ಎಲ್ಲವೂ ಇರುತ್ತವೆ. ಈಗ 'ಮೂಲ'ದ ಎಕ್ಸ್‌ಕ್ಲೂಷನ್ ಮಾತ್ರ ತೆಗೆದು ಐಕಾರ್ ಫೈಲ್ ತೆರೆಯಿರಿ, ಅದು ಮಾಯವಾಗುತ್ತದೆ. ಮತ್ತೆ ಮಿರ್ ಓಡಿಸಿ ಲಾಗ್ ಓದಿ. 'ನಕಲು' ಫೋಲ್ಡರನ್ನು ಆಂಟಿವೈರಸ್ ಮುಟ್ಟಿಯೇ ಇಲ್ಲ, ಆದರೂ ಅಲ್ಲಿಯ ಫೈಲ್ ಹೋಗಿರುತ್ತದೆ. ಎಕ್ಸ್‌ಟ್ರಾಸ್ ಕಾಲಂನಲ್ಲಿ 1 ಅಂತ ಇರುತ್ತದೆ. ಮುಗಿದ ಮೇಲೆ ಉಳಿದ ಎಕ್ಸ್‌ಕ್ಲೂಷನ್ ತೆಗೆಯುವುದನ್ನು ಮರೆಯಬೇಡಿ.