ಹಾರ್ಟ್‌ಫರ್ಡ್ ವೇಲರ್ಸ್: ಅಂಗಣದ ಒಳಗಿನ ಲೆಕ್ಕ, ಹೊರಗಿನ ಲೆಕ್ಕ

ಈಗ ಉಳಿದಿಲ್ಲದ ಹಾಕಿ ತಂಡವೊಂದರ ಚರಿತ್ರೆಯನ್ನು ಓದುವವರು ಸಾಮಾನ್ಯವಾಗಿ ಮೊದಲು ತೆರೆಯುವುದು ಅಂಕಪಟ್ಟಿಯನ್ನು. ಆದರೆ ಅಮೆರಿಕದ ಕನೆಕ್ಟಿಕಟ್ ರಾಜ್ಯದ ರಾಜಧಾನಿ ಹಾರ್ಟ್‌ಫರ್ಡ್‌ನಲ್ಲಿದ್ದ ವೇಲರ್ಸ್ ಐಸ್ ಹಾಕಿ ತಂಡವು ಏಕೆ ಊರು ಬಿಟ್ಟಿತೆಂಬುದನ್ನು ಅಂಕಪಟ್ಟಿಯೊಂದೇ ಹೇಳುವುದಿಲ್ಲ. ಈ ತಂಡದ ಪ್ರತಿಯೊಂದು ಋತುವನ್ನೂ ಎರಡು ಸಲ ಓದಬೇಕು. ಒಮ್ಮೆ ಗೋಲುಗಳ ಲೆಕ್ಕದಲ್ಲಿ, ಇನ್ನೊಮ್ಮೆ ಕಟ್ಟಡ, ಮಾಲೀಕರು ಮತ್ತು ಊರಿನ ನಂಬಿಕೆಯ ಲೆಕ್ಕದಲ್ಲಿ.

ತಂಡದ ಆರಂಭ ಹಾರ್ಟ್‌ಫರ್ಡ್‌ನಲ್ಲಿ ಆದದ್ದಲ್ಲ. 1972ರಲ್ಲಿ ಹೊಸದಾಗಿ ಶುರುವಾದ ವರ್ಲ್ಡ್ ಹಾಕಿ ಅಸೋಸಿಯೇಷನ್ನಿನಲ್ಲಿ ಅದು ನ್ಯೂ ಇಂಗ್ಲೆಂಡ್ ವೇಲರ್ಸ್ ಎಂಬ ಹೆಸರಿನಿಂದ ಬೋಸ್ಟನ್‌ನಲ್ಲಿ ಆಡಿತು, ಮತ್ತು ಆ ಲೀಗಿನ ಚಾಂಪಿಯನ್‌ಗೆ ಕೊಡುತ್ತಿದ್ದ ಅವ್ಕೊ ಕಪ್ಪನ್ನು ಮೊದಲ ಋತುವಿನಲ್ಲಿಯೇ ವಿನಿಪೆಗ್ ಜೆಟ್ಸ್ ತಂಡವನ್ನು ಸೋಲಿಸಿ ಗೆದ್ದಿತು. ಬೋಸ್ಟನ್‌ನಲ್ಲಿ ಊರಿನ ಹಳೆಯ ಹಾಕಿ ತಂಡವಾದ ಬ್ರೂಯಿನ್ಸ್‌ನ ನೆರಳು ದೊಡ್ಡದಿದ್ದುದರಿಂದ ವೇಲರ್ಸ್ 1975ರ ಆರಂಭದಲ್ಲಿ ಹಾರ್ಟ್‌ಫರ್ಡ್‌ನ ಹೊಸ ಸಿವಿಕ್ ಸೆಂಟರಿಗೆ ಬಂದು ನೆಲೆಸಿತು.

1977-78ರ ಋತು ಎರಡು ಬಗೆಯ ಓದಿಗೂ ಒಳ್ಳೆಯ ಉದಾಹರಣೆ. ಹಾಕಿಯ ಹೆಸರಾಂತ ಹಿರಿಯ ಆಟಗಾರ ಗಾರ್ಡಿ ಹೌ ತನ್ನ ಮಕ್ಕಳಾದ ಮಾರ್ಕ್ ಮತ್ತು ಮಾರ್ಟಿಯವರೊಂದಿಗೆ ತಂಡ ಸೇರಿದ ಋತು ಅದು. ಅದೇ ಋತುವಿನ ನಡುವೆ, 1978ರ ಜನವರಿ 18ರ ನಸುಕಿನಲ್ಲಿ, ಹಿಮದ ಭಾರಕ್ಕೆ ಸಿವಿಕ್ ಸೆಂಟರಿನ ಚಾವಣಿಯೇ ಕುಸಿದು ಬಿದ್ದಿತು. ಕೆಲವೇ ಗಂಟೆಗಳ ಹಿಂದೆ ಸಾವಿರಾರು ಜನ ಅಲ್ಲಿ ಬ್ಯಾಸ್ಕೆಟ್‌ಬಾಲ್ ನೋಡಿ ಹೋಗಿದ್ದರು. ಕುಸಿಯುವಾಗ ಒಳಗೆ ಯಾರೂ ಇರಲಿಲ್ಲ. ವಿನ್ಯಾಸದಲ್ಲಿಯೇ ದೋಷವಿತ್ತೆಂದು ತನಿಖೆಯಿಂದ ತಿಳಿಯಿತು. 1980ರ ಆರಂಭದವರೆಗೂ ತಂಡವು ನೆರೆಯ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ ತನ್ನ 'ತವರಿನ' ಪಂದ್ಯಗಳನ್ನು ಆಡಬೇಕಾಯಿತು. ಆ ಕಾಲದ ಪ್ರೇಕ್ಷಕರ ಸಂಖ್ಯೆಯನ್ನು ನೋಡಿ ಊರಿನ ಅಭಿಮಾನವನ್ನು ಅಳೆಯುವ ಮುನ್ನ ಈ ಅಲೆದಾಟವನ್ನು ಗಮನದಲ್ಲಿಡಬೇಕು.

1979ರಲ್ಲಿ ಹಳೆಯ ಲೀಗ್ ಮುಚ್ಚಿದಾಗ ಅದರ ನಾಲ್ಕು ತಂಡಗಳು, ಎಂದರೆ ಎಡ್ಮಂಟನ್, ವಿನಿಪೆಗ್, ಕ್ವಿಬೆಕ್ ಮತ್ತು ವೇಲರ್ಸ್, ನ್ಯಾಷನಲ್ ಹಾಕಿ ಲೀಗನ್ನು (ಎನ್‌ಎಚ್‌ಎಲ್) ಸೇರಿದವು. ಬ್ರೂಯಿನ್ಸ್ ಒತ್ತಾಯದಿಂದ 'ನ್ಯೂ ಇಂಗ್ಲೆಂಡ್' ಎಂಬ ಹೆಸರು ಹೋಗಿ 'ಹಾರ್ಟ್‌ಫರ್ಡ್' ಬಂದಿತು. ಪೀಟರ್ ಗುಡ್ ರಚಿಸಿದ ಹೊಸ ಲಾಂಛನದಲ್ಲಿ ತಿಮಿಂಗಿಲದ ಬಾಲ ಮೇಲಿದೆ, 'ಡಬ್ಲ್ಯೂ' ಅಕ್ಷರ ಕೆಳಗಿದೆ, ಅವೆರಡರ ನಡುವಿನ ಖಾಲಿ ಜಾಗವೇ 'ಎಚ್' ಆಗಿ ಕಾಣುತ್ತದೆ. ಕ್ರೀಡಾ ಲಾಂಛನಗಳಲ್ಲಿ ಇದಕ್ಕಿಂತ ಸೊಗಸಾದದ್ದನ್ನು ನಾನು ಕಂಡಿಲ್ಲ. ಆ ಮೊದಲ ಋತುವಿನಲ್ಲಿ 52 ತುಂಬಿದ ಗಾರ್ಡಿ ಹೌ 80 ಪಂದ್ಯಗಳನ್ನೂ ಆಡಿ 15 ಗೋಲು ಹೊಡೆದರು.

ಅಂಗಣದೊಳಗಿನ ಶಿಖರ ಬಂದದ್ದು 1986 ಮತ್ತು 1987ರಲ್ಲಿ. 1986ರ ಪ್ಲೇಆಫ್‌ನಲ್ಲಿ, ಎಂದರೆ ಋತುವಿನ ಕೊನೆಯ ನಾಕೌಟ್ ಸರಣಿಗಳಲ್ಲಿ, ವೇಲರ್ಸ್ ಕ್ವಿಬೆಕ್ ನಾರ್ಡಿಕ್ಸ್ ತಂಡವನ್ನು 3-0ಯಿಂದ ಸೋಲಿಸಿತು. ಮುಂದಿನ ಸುತ್ತಿನಲ್ಲಿ ಮಾಂಟ್ರಿಯಾಲ್ ವಿರುದ್ಧದ ಏಳನೆಯ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ, ಕ್ಲೋಡ್ ಲೆಮ್ಯೂನ ಗೋಲಿನಿಂದ ಕೈತಪ್ಪಿತು. ಆ ವರ್ಷ ಎನ್‌ಎಚ್‌ಎಲ್ ಚಾಂಪಿಯನ್‌ಗೆ ಸಿಗುವ ಸ್ಟಾನ್ಲಿ ಕಪ್ ಗೆದ್ದದ್ದೂ ಮಾಂಟ್ರಿಯಾಲ್ ತಂಡವೇ. ಎರಡನೆಯ ಸುತ್ತಿನಲ್ಲಿ ಸೋತು ಬಂದ ತಂಡಕ್ಕೆ ಹಾರ್ಟ್‌ಫರ್ಡ್ ಜನ ಬೀದಿಯಲ್ಲಿ ಮೆರವಣಿಗೆ ಮಾಡಿದರು. ಮರುವರ್ಷ ತಂಡವು 93 ಅಂಕಗಳೊಂದಿಗೆ, ಮಾಂಟ್ರಿಯಾಲ್‌ಗಿಂತ ಒಂದೇ ಅಂಕ ಮುಂದೆ ನಿಂತು, ಲೀಗಿನೊಳಗಿನ ತನ್ನ ಗುಂಪಾದ ಆಡಮ್ಸ್ ವಿಭಾಗವನ್ನು ಗೆದ್ದಿತು. ಆದರೂ ಎನ್‌ಎಚ್‌ಎಲ್‌ನ 18 ಋತುಗಳಲ್ಲಿ ಅದು ಗೆದ್ದ ಪ್ಲೇಆಫ್ ಸರಣಿ ಆ 1986ರ ಒಂದು ಮಾತ್ರ.

ನನ್ನ ಅಭಿಪ್ರಾಯದಲ್ಲಿ ಹೊರಗಿನ ಲೆಕ್ಕ ತಪ್ಪತೊಡಗಿದ್ದು 1991ರ ಮಾರ್ಚ್ 4ರಂದು. ತಂಡದ ಮುಖವೇ ಆಗಿದ್ದ ರಾನ್ ಫ್ರಾನ್ಸಿಸ್ ಅವರನ್ನು ಉಲ್ಫ್ ಸ್ಯಾಮುಯೆಲ್ಸನ್ ಮತ್ತು ಗ್ರಾಂಟ್ ಜೆನ್ನಿಂಗ್ಸ್ ಜೊತೆಗೆ ಆ ದಿನ ಪಿಟ್ಸ್‌ಬರ್ಗ್‌ಗೆ ಬಿಟ್ಟುಕೊಡಲಾಯಿತು. ಪಿಟ್ಸ್‌ಬರ್ಗ್ ಆ ವರ್ಷವೂ ಮರುವರ್ಷವೂ ಸ್ಟಾನ್ಲಿ ಕಪ್ ಗೆದ್ದರೆ, 1992ರ ನಂತರ ವೇಲರ್ಸ್ ಪ್ಲೇಆಫ್ ತಲುಪಲೇ ಇಲ್ಲ. 1994ರಲ್ಲಿ ಪೀಟರ್ ಕಾರ್ಮನೋಸ್ ತಂಡವನ್ನು ಕೊಂಡರು. 1996ರಲ್ಲಿ ಅವರು 11,000 ಸೀಸನ್ ಟಿಕೆಟ್ ಮಾರಾಟವಾಗಬೇಕೆಂದು ಕೇಳಿದರು. ಗುರಿ ಮುಟ್ಟದಿದ್ದರೂ ತಂಡ ಇನ್ನೊಂದು ವರ್ಷ ಉಳಿಯಿತು. ಹೊಸ ಕ್ರೀಡಾಂಗಣದ ಬಗ್ಗೆ ಗವರ್ನರ್ ಜಾನ್ ರೋಲ್ಯಾಂಡ್ ಅವರೊಂದಿಗಿನ ಮಾತುಕತೆ ಮುರಿದ ಮೇಲೆ, 1997ರ ಮಾರ್ಚ್ 26ರಂದು ನಿರ್ಗಮನದ ಘೋಷಣೆ ಬಂದಿತು. ಏಪ್ರಿಲ್ 13ರ ಕೊನೆಯ ಪಂದ್ಯದಲ್ಲಿ ನಾಯಕ ಕೆವಿನ್ ಡಿನೀನ್ ಹೊಡೆದ ಗೋಲು ವೇಲರ್ಸ್‌ನ ಕೊನೆಯ ಗೋಲಾಯಿತು. ಟ್ಯಾಂಪಾ ಬೇ ವಿರುದ್ಧ ತಂಡ 2-1ರಿಂದ ಗೆದ್ದಿತು.

ದಾಖಲೆಗಳನ್ನು ಹುಡುಕುವಾಗ ಒಂದು ಎಚ್ಚರಿಕೆ ಅಗತ್ಯ. 1973ರ ಅವ್ಕೊ ಕಪ್ ಬೇರೆ ಲೀಗಿನದಾದ್ದರಿಂದ ಎನ್‌ಎಚ್‌ಎಲ್ ಲೆಕ್ಕಕ್ಕೆ ಬರುವುದಿಲ್ಲ. ಹೌ ಅವರ 801 ಎನ್‌ಎಚ್‌ಎಲ್ ಗೋಲುಗಳಲ್ಲಿ ಹಳೆಯ ಲೀಗಿನ 174 ಸೇರಿಲ್ಲ. ಊರು ಬಿಟ್ಟ ತಂಡ ಉತ್ತರ ಕ್ಯಾರೊಲಿನಾ ರಾಜ್ಯಕ್ಕೆ ಹೋಗಿ ಕ್ಯಾರೊಲಿನಾ ಹರಿಕೇನ್ಸ್ ಆದುದರಿಂದ, 1979ರಿಂದ 1997ರವರೆಗಿನ ಅಂಕಿಗಳು ಆ ಫ್ರಾಂಚೈಸಿಯ ಹೆಸರಿನಲ್ಲಿವೆ. ಆ ಹರಿಕೇನ್ಸ್ 2018ರ ಡಿಸೆಂಬರ್ 23ರಂದು ವೇಲರ್ಸ್‌ನ ಹಸಿರು ಜೆರ್ಸಿ ಧರಿಸಿ ತನ್ನ ಊರಾದ ರಾಲಿಯಲ್ಲಿ ಆಡಿತು. ಎದುರಾಳಿ ಬೋಸ್ಟನ್ ಬ್ರೂಯಿನ್ಸ್.