ಟೈರಿನ ಮೇಲಿನ ಮೂರು ಶಿಖರದ ಗುರುತು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್‌ಗೆ ಬಂದ ಎರಡನೇ ಚಳಿಗಾಲ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಗಾಡಿ. ಫೋರ್ ವೀಲ್ ಡ್ರೈವ್ ಇತ್ತು, ಡಾಂಬರಿಗೂ ಕಲ್ಲುಮಣ್ಣಿನ ದಾರಿಗೂ ಆಗುವಂಥ, ದಪ್ಪ ದಪ್ಪ ಬ್ಲಾಕ್‌ಗಳ ಆಲ್-ಟೆರೇನ್ ಟೈರು ಇತ್ತು. ಟೈರಿನ ಪಕ್ಕದಲ್ಲಿ ‘ಎಂ+ಎಸ್’ ಅಂತ ಬೇರೆ ಅಚ್ಚಾಗಿತ್ತು. ಮಡ್ ಮತ್ತು ಸ್ನೋ. ಇನ್ನೇನು ಬೇಕು? ಬೆಟ್ಟದ ಮೇಲಿನ ಒಂದು ಊರಿನಲ್ಲಿ ರಾತ್ರಿ ಏರು ಹತ್ತುವಾಗ ಉಳಿದ ಕಾರುಗಳು ಚಕ್ರ ಸುತ್ತಿಸುತ್ತ ನಿಂತಲ್ಲೇ ನಿಂತಿದ್ದವು. ನಾನು ಆರಾಮಾಗಿ ಹತ್ತಿ ಹೋದೆ. ಆಚೆ ಕಡೆ ಇಳಿಜಾರು, ಕೆಳಗೆ ಸ್ಟಾಪ್ ಬೋರ್ಡು. ಬ್ರೇಕ್ ಒತ್ತಿದೆ. ಕಾಲಡಿಯಲ್ಲಿ, ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಟಕಟಕ ಎಂದಿತೇ ಹೊರತು ಗಾಡಿ ನಿಲ್ಲಲಿಲ್ಲ. ಬೋರ್ಡು ನನ್ನ ಕಿಟಕಿ ದಾಟಿ ನಿಧಾನಕ್ಕೆ ಹಿಂದೆ ಸರಿಯಿತು. ಎದುರಿನ ಹಿಮದ ರಾಶಿಗೆ ಮೂತಿ ಹೂತುಕೊಂಡು ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಸೀಟಿನಿಂದ ಮಗಳು ಕೇಳಿದಳು: “ಅಪ್ಪಾ, ಸ್ಟಾಪ್ ಆಗಲೇ ಬಂತು ಅಲ್ವಾ?”

ಫೋರ್ ವೀಲ್ ಡ್ರೈವ್ ಇದ್ದರೆ ನಾಲ್ಕೂ ಚಕ್ರ ಗಾಡಿಯನ್ನು ಮುಂದಕ್ಕೆ ತಳ್ಳುತ್ತವೆ. ಆದರೆ ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ನಿಲ್ಲುವಾಗ ನನಗೆ ಪಕ್ಕದವನಿಗಿಂತ ಜಾಸ್ತಿ ಏನೂ ಸಿಗುವುದಿಲ್ಲ. ನನ್ನ ಗಾಡಿ ಭಾರ ಹೆಚ್ಚು, ಧೈರ್ಯ ಇನ್ನೂ ಹೆಚ್ಚು, ಅಷ್ಟೇ. ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ, ಘರ್ಷಣೆಯ ಗುಣಾಂಕ (ಟೈರಿಗೂ ರಸ್ತೆಗೂ ಇರುವ ಹಿಡಿತದ ಅಳತೆ) 0.8 ಅಂತ ಇಟ್ಟುಕೊಂಡರೆ, ಸುಮಾರು 12 ಮೀಟರಿನಲ್ಲಿ ನಿಲ್ಲಬಹುದು. ತುಳಿದು ಗಟ್ಟಿಯಾದ ಹಿಮದಲ್ಲಿ ಅದು 0.3ಕ್ಕೆ ಇಳಿದರೆ 33 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ 0.1 ಆದರೆ ಹತ್ತಿರ ಹತ್ತಿರ 100 ಮೀಟರ್. ಇದೆಲ್ಲ ಸಮತಟ್ಟು ರಸ್ತೆಯ ಲೆಕ್ಕ. ನಾನಿದ್ದದ್ದು ಇಳಿಜಾರಿನಲ್ಲಿ. ಈ ಲೆಕ್ಕದಲ್ಲಿ ಎಂಜಿನ್ ಎಲ್ಲೂ ಬರುವುದಿಲ್ಲ, ಗಾಡಿಯ ತೂಕವೂ ಬರುವುದಿಲ್ಲ. ವೇಗ ಬಿಟ್ಟರೆ ಉಳಿಯುವುದು ಟೈರು ಮತ್ತು ರಸ್ತೆ ಮಾತ್ರ. ಒಂದೊಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚೂಕಡಿಮೆ ಒಂದು ಅಂಗೈಯಷ್ಟು.

ಹಾಗಿದ್ದರೆ ಈ ಊರಿನವರು ಚಳಿಗಾಲದ ಟೈರು ಹಾಕಿಕೊಂಡು ಸುಮ್ನೆ ಇರಬಹುದಲ್ಲ, ಆಲ್-ಟೆರೇನ್ ಯಾಕೆ? ಕೊಲರಾಡೋದ ಸ್ವಭಾವವೇ ಬೇರೆ. ಡೆನ್ವರ್ ಇರುವುದು 1,600 ಮೀಟರ್ ಎತ್ತರದಲ್ಲಿ. ಇಲ್ಲಿ ಬಿದ್ದ ಹಿಮ ಬಿಸಿಲಿಗೆ ಎಷ್ಟೋ ಸಲ ಎರಡೇ ದಿನದಲ್ಲಿ ಮಾಯವಾಗುತ್ತದೆ. ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಒಂದು ಗಂಟೆ ಹೋದರೆ ಐಸೆನ್‌ಹೋವರ್ ಸುರಂಗ ಸಿಗುತ್ತದೆ. ಅದು ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮೇ ತಿಂಗಳಲ್ಲೂ ಹಿಮ ಬೀಳುವುದುಂಟು. ಬೇಸಿಗೆಯಲ್ಲಿ ಅದೇ ಬೆಟ್ಟಗಳ ಮಣ್ಣು ರಸ್ತೆ ತುಂಬ ಚೂಪು ಕಲ್ಲು. ವರ್ಷವಿಡೀ ಒಂದೇ ಸೆಟ್ ಟೈರಿನಲ್ಲಿ ಇದೆಲ್ಲ ಮುಗಿಯಬೇಕು ಅಂದರೆ ಆಲ್-ಟೆರೇನ್ ನೆನಪಾಗುವುದು ಸಹಜ. ಎರಡು ಸೆಟ್ ಇಟ್ಟುಕೊಳ್ಳಲು ಅಪಾರ್ಟ್‌ಮೆಂಟಿನಲ್ಲಿ ಜಾಗವಾದರೂ ಎಲ್ಲಿದೆ?

ಈಗ ರಬ್ಬರಿನ ವಿಷಯ. ಚಳಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಹೆಪ್ಪುಗಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ರಬ್ಬರು ಹಾಗೆ ಒಮ್ಮೆಗೇ ಗಟ್ಟಿಯಾಗುವುದಿಲ್ಲ. ಚಳಿ ಹೆಚ್ಚಿದಷ್ಟೂ ಅದರ ಉದ್ದನೆಯ ಅಣುಸರಪಳಿಗಳು ಅಲುಗಾಡಲು ಸೋಮಾರಿಗಳಾಗುತ್ತವೆ. ಕೊನೆಗೆ ಒಂದು ಹಂತದಲ್ಲಿ ರಬ್ಬರು ಗಾಜಿನಂತೆ ಪೆಡಸಾಗುತ್ತದೆ. ನೈಸರ್ಗಿಕ ರಬ್ಬರಿಗೆ ಆ ಹಂತ ಬರುವುದು ಮೈನಸ್ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅಷ್ಟು ಚಳಿ ಡೆನ್ವರಿನಲ್ಲಿ ಎಲ್ಲಿದೆ ಅಂತ ನೀವು ಕೇಳಬಹುದು. ತಮಾಷೆ ಇರುವುದು ಇಲ್ಲೇ. ಟೈರು ಹಿಡಿತ ಪಡೆಯುವುದು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳ ಒಳಗೆ ಇಳಿದು. ಆ ಉಬ್ಬುಗಳು ಅದಕ್ಕೆ ಸೆಕೆಂಡಿಗೆ ಸಾವಿರಾರು ಸಲ ತಿವಿಯುತ್ತವೆ. ಅಷ್ಟು ಬೇಗ ಬಗ್ಗಲು ಪುರುಸೊತ್ತಿಲ್ಲದ ರಬ್ಬರು, ಇರುವುದಕ್ಕಿಂತ ಎಷ್ಟೋ ಹೆಚ್ಚು ಚಳಿಯಲ್ಲಿ ಇದ್ದಂತೆ ಬಿಗಿದುಕೊಳ್ಳುತ್ತದೆ. ಅದಕ್ಕೇ ಚಳಿಗಾಲದ ಟೈರಿನ ಮಿಶ್ರಣವನ್ನು ತೀರ ಕಡಿಮೆ ಉಷ್ಣತೆಯಲ್ಲೂ ಮೆತ್ತಗಿರುವಂತೆ ಮಾಡುತ್ತಾರೆ. ಅದೇ ಟೈರನ್ನು ಜುಲೈ ಬಿಸಿಲಲ್ಲಿ ಓಡಿಸಿದರೆ ಪೆನ್ಸಿಲ್ ರಬ್ಬರಿನಂತೆ ಬೇಗ ಸವೆಯುತ್ತದೆ. ಆಲ್-ಟೆರೇನ್ ಮಾಡುವವರು ಇನ್ನೊಂದು ತುದಿಯಲ್ಲಿದ್ದಾರೆ. ಅವರಿಗೆ ಚೂಪು ಕಲ್ಲು ತಾಗಿದರೂ ಹರಿಯದ ಗಟ್ಟಿ ರಬ್ಬರು ಬೇಕು. ವರ್ಷವಿಡೀ ಓಡುವ ಆಲ್-ಟೆರೇನ್ ಈ ಎರಡರ ನಡುವೆ ಎಲ್ಲೋ ರಾಜಿ ಮಾಡಿಕೊಂಡಿರುತ್ತದೆ.

ಹಿಮದ ಮೇಲೆ ಟೈರು ಹೇಗೆ ಹಿಡಿಯುತ್ತದೆ ಅನ್ನುವುದು ನನಗೆ ಬಹಳ ಇಷ್ಟವಾದ ಭಾಗ. ಕೈಯಲ್ಲಿ ಒಂದಿಷ್ಟು ಹಸಿ ಹಿಮ ತೆಗೆದುಕೊಂಡು ರಾಗಿ ಮುದ್ದೆ ತಿರುವುವ ಹಾಗೆ ಒತ್ತಿ ನೋಡಿ, ಅಂಟಿಕೊಳ್ಳುತ್ತದೆ. ಹಿಮಕ್ಕೆ ಹಿಮದ ಮೇಲೇ ಪ್ರೀತಿ. ಬ್ಲಾಕ್‌ಗಳ ನಡುವಿನ ಸಂದಿನೊಳಗೆ ಹಿಮ ತುಂಬಿ, ಒತ್ತಿ ಗಟ್ಟಿಯಾಗುತ್ತದೆ. ಆ ಮುದ್ದೆ ರಸ್ತೆಯ ಹಿಮವನ್ನು ಕಚ್ಚಿಕೊಳ್ಳುತ್ತದೆ. ಚಕ್ರ ಜಾರಬೇಕಾದರೆ ಆ ಮುದ್ದೆ ಮುರಿಯಬೇಕು. ಅಂದರೆ ಹಿಮದಲ್ಲಿ ಒಳ್ಳೆಯ ಟೈರು ಸ್ವಲ್ಪ ಹಿಮವನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು. ಕೆಸರಿನ ಟೈರಿನ ಕೆಲಸ ಇದಕ್ಕೆ ತದ್ವಿರುದ್ಧ. ಅದು ತುಂಬಿಕೊಂಡ ಕೆಸರನ್ನು ಎತ್ತಿ ಎಸೆಯಬೇಕು, ಅದಕ್ಕೇ ಅದರ ಸಂದುಗಳು ಅಷ್ಟು ಅಗಲ. ಮಡ್ ಟೆರೇನ್ ಟೈರು ನೋಡಲು ರಾಕ್ಷಸನಂತಿದೆ, ಹಿಮಕ್ಕೆ ಹೆದರುವುದಿಲ್ಲ ಅನ್ನುವುದು ನಮ್ಮ ಹುಡುಗರಲ್ಲಿ ತುಂಬ ಜನ ನಂಬಿರುವ ತಪ್ಪು.

ಮಂಜುಗಡ್ಡೆಯಲ್ಲಿ ಈ ಮುದ್ದೆ ವಿದ್ಯೆ ನಡೆಯುವುದಿಲ್ಲ, ಕಚ್ಚಲು ಅಲ್ಲಿ ಏನೂ ಇಲ್ಲ. ಭಾರ ಬಿದ್ದ ಕಡೆ ಮಂಜುಗಡ್ಡೆ ಕರಗಿ ಜಾರುತ್ತದೆ ಎಂದು ಶಾಲೆಯಲ್ಲಿ ಓದಿದ ನೆನಪು. ಕಾರಿನ ಟೈರು ಹಾಕುವ ಒತ್ತಡಕ್ಕೆ ಕರಗುವ ಬಿಂದು ಇಳಿಯುವುದು ಒಂದು ಡಿಗ್ರಿಯ ನೂರನೇ ಒಂದೆರಡು ಪಾಲು ಮಾತ್ರ. ಅದು ಲೆಕ್ಕಕ್ಕೇ ಬರುವುದಿಲ್ಲ. ಅಸಲು ಕಾರಣ ಬೇರೆ. ಮಂಜುಗಡ್ಡೆಯ ಮೇಲ್ಪದರದ ಅಣುಗಳು ಮೊದಲೇ ಸಡಿಲ, ಅದರ ಮೇಲೆ ಉಜ್ಜಿದ ಬಿಸಿಗೆ ತೆಳ್ಳನೆ ನೀರು ಬೇರೆ ಬರುತ್ತದೆ. ಹಾಗಾಗಿ ಮೈನಸ್ 20ರ ಮಂಜುಗಡ್ಡೆಗಿಂತ ಸೊನ್ನೆಯ ಆಸುಪಾಸಿನದು ಹೆಚ್ಚು ಜಾರುತ್ತದೆ. ಈ ನೀರಿನ ಪದರ ಸರಿಸಲು ಬೇಕಾದದ್ದು ಬ್ಲಾಕ್‌ಗಳ ಮೇಲಿನ ಕೂದಲೆಳೆಯಂಥ ಗೀರುಗಳು. ಅವಕ್ಕೆ ಸೈಪ್ ಅಂತ ಹೆಸರು, 1920ರ ದಶಕದಲ್ಲಿ ಪೇಟೆಂಟ್ ಪಡೆದ ಜಾನ್ ಸೈಪ್‌ನಿಂದ ಬಂದದ್ದು. ಗೀರು ಜಾಸ್ತಿಯಾದಷ್ಟೂ ಕಚ್ಚುವ ಅಂಚು ಜಾಸ್ತಿ. ಆದರೆ ಗೀರು ತುಂಬಿದ ಬ್ಲಾಕು ಅಲುಗಾಡುತ್ತದೆ, ಕಲ್ಲು ರಸ್ತೆಯಲ್ಲಿ ಚೂರು ಚೂರಾಗಿ ಕಿತ್ತುಬರುತ್ತದೆ. ಆಲ್-ಟೆರೇನ್‌ನಲ್ಲಿ ಗೀರು ಕಡಿಮೆ ಇರುವುದು ಅದಕ್ಕೇ. ಮಂಜುಗಡ್ಡೆಯಲ್ಲಿ ಅದು ಸೋಲುವುದೂ ಅದಕ್ಕೇ.

ಇನ್ನು ಗುರುತುಗಳು. ‘ಎಂ+ಎಸ್’ ಎನ್ನುವುದು ಟೈರಿನ ಮೇಲ್ಮೈಯ ಆಕಾರ ನೋಡಿ, ಸಂದು ಎಷ್ಟಿದೆ ಎಂದು ಅಳೆದು ಹಾಕುವ ಅಚ್ಚು. ಅದಕ್ಕೆ ಹಿಮದಲ್ಲಿ ಓಡಿಸಿ ನೋಡಬೇಕೆಂದೇನೂ ಇಲ್ಲ. ನಾನು ನಂಬಿ ಕೆಟ್ಟದ್ದು ಇದನ್ನೇ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಈ ಅಚ್ಚು ಒಂದೇ ಇದ್ದರೆ ಕಾನೂನು ಒಪ್ಪುವುದಿಲ್ಲ. ಜರ್ಮನಿಯೂ 2024ರ ಅಕ್ಟೋಬರ್‌ನಿಂದ ಚಳಿಗಾಲದ ಟೈರು ಎಂದು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ನೋಡಬೇಕಾದದ್ದು ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. 1999ರಲ್ಲಿ ಬಂದ ಈ ಗುರುತಿಗೆ ನಿಜವಾದ ಪರೀಕ್ಷೆ ಇದೆ. ಆದರೆ ಏನನ್ನು ಪರೀಕ್ಷೆ ಮಾಡುತ್ತಾರೆ ಗೊತ್ತೇ? ಅಮೆರಿಕದ ಕ್ರಮದಲ್ಲಿ, ಸಾಧಾರಣ ಗಟ್ಟಿಯಾದ ಹಿಮದ ಮೇಲೆ ನೇರ ದಾರಿಯಲ್ಲಿ ಚಕ್ರ ಎಷ್ಟು ಬಲವಾಗಿ ಮುಂದಕ್ಕೆ ಎಳೆಯುತ್ತದೆ ಎಂಬುದನ್ನು ಅಳೆದು, ಒಂದು ಮಾದರಿ ಟೈರಿನ ಜೊತೆ ಹೋಲಿಸುತ್ತಾರೆ. ಮಾದರಿಗೆ 100 ಅಂಕ ಕೊಟ್ಟರೆ ಪಾಸಾಗಲು 110 ಬೇಕಿತ್ತು. ಬ್ರೇಕ್ ಪರೀಕ್ಷೆ ಇಲ್ಲ, ತಿರುವು ಇಲ್ಲ, ಮಂಜುಗಡ್ಡೆಯಂತೂ ಇಲ್ಲವೇ ಇಲ್ಲ. ಅಂದರೆ ನನಗೆ ಆ ರಾತ್ರಿ ಯಾವುದು ಬೇಕಿತ್ತೋ ಅದೇ ಬಿಟ್ಟುಹೋಗಿದೆ! ಗುರುತು ಬೇಡ ಅಂತಲ್ಲ. ಆಲ್-ಟೆರೇನ್ ಕೊಳ್ಳುವಾಗ ಅದಿಲ್ಲದ ಟೈರನ್ನು ನಾನು ಈಗ ಮುಟ್ಟುವುದೂ ಇಲ್ಲ. ಗುರುತಿರುವ ಎರಡು ಟೈರು ಎದುರಿಗಿದ್ದರೆ ಯಾವುದರಲ್ಲಿ ಗೀರು ಜಾಸ್ತಿ, ಆ ಗೀರು ಬುಡದವರೆಗೂ ಇಳಿದಿದೆಯೇ ಎಂದು ಉಗುರು ಹಾಕಿ ನೋಡುತ್ತೇನೆ. ಅಂಗಡಿಯವನು ನಗುತ್ತಾನೆ, ನಗಲಿ. ಮೇಲೆ ಮೇಲೆ ಮಾತ್ರ ಗೀರಿದ್ದರೆ ಅರ್ಧ ಸವೆಯುವ ಹೊತ್ತಿಗೆ ಅದು ಹಿಮದ ಟೈರಾಗಿ ಉಳಿದಿರುವುದಿಲ್ಲ. ಒಂದೇ ಹೆಸರಿನ ಟೈರಿನಲ್ಲಿ ಕೆಲವು ಸೈಜಿಗೆ ಗುರುತಿದ್ದು ಕೆಲವಕ್ಕೆ ಇಲ್ಲದಿರುವುದೂ ಉಂಟು. ಜಾಹೀರಾತು ನೋಡಿ ನಂಬಬೇಡಿ, ನಿಮ್ಮ ಗಾಡಿಗೆ ಹಾಕುವ ಟೈರಿನ ಪಕ್ಕವನ್ನೇ ನೋಡಿ.

‘ಎಲ್‌ಟಿ’ ಎಂದು ಶುರುವಾಗುವ ಸೈಜು ಲೈಟ್ ಟ್ರಕ್‌ಗಳದು. ಪಕ್ಕದ ಗೋಡೆ ದಪ್ಪ, ತೂಕ ಜಾಸ್ತಿ. ಟ್ರೈಲರ್ ಎಳೆಯದ, ಬಂಡೆ ಹತ್ತದ ಕುಟುಂಬದ ಗಾಡಿಗೆ ಅದು ದಂಡ. ಪೆಟ್ರೋಲ್ ಕುಡಿಯುತ್ತದೆ, ಮೈ ಕುಲುಕಿಸುತ್ತದೆ. ಕಾರಿನ ಸೈಜಿನಲ್ಲೇ ಆಲ್-ಟೆರೇನ್ ಸಿಗುವಾಗ ಅದನ್ನೇ ತಗೊಳ್ಳಿ.

ಮಿನ್ನಿಯಾಪೊಲಿಸ್‌ನಂಥ ಕಡೆ, ತಿಂಗಳುಗಟ್ಟಲೆ ರಸ್ತೆ ಹೆಪ್ಪುಗಟ್ಟಿರುವ ಊರಿನಲ್ಲಿ ಇರುವ ಸ್ನೇಹಿತರಿಗೆ ನಾನು ಆಲ್-ಟೆರೇನ್ ಹೇಳುವುದಿಲ್ಲ. ಅವರಿಗೆ ಬೇಕಾದದ್ದು ಶುದ್ಧ ಚಳಿಗಾಲದ ಟೈರು. 1988ರಲ್ಲಿ ಜಪಾನಿನಲ್ಲಿ ಬಂದ ಬ್ಲಿಝಾಕ್ ಥರದ್ದು. ಅದರ ರಬ್ಬರಿನೊಳಗೇ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವು ಮಂಜುಗಡ್ಡೆಯ ಮೇಲಿನ ನೀರನ್ನು ಹೀರಿಕೊಳ್ಳುತ್ತವೆ. ನಮ್ಮ ಮನೆಯಲ್ಲೂ ಹೆಂಡತಿಯ ಸಣ್ಣ ಕಾರಿಗೆ ಈಗ ಅಂಥದ್ದೇ ಒಂದು ಸೆಟ್. ಮಣ್ಣು ರಸ್ತೆಗೆ ಹೋಗುವ ನನ್ನ ಗಾಡಿಗೆ ಮಾತ್ರ ಆಲ್-ಟೆರೇನ್. ಜಾಗ ಎಲ್ಲಿ ಅಂದಿರಾ? ಬಾಲ್ಕನಿಯಲ್ಲಿ, ತುಳಸಿ ಕುಂಡದ ಪಕ್ಕ.

ಅಕ್ಟೋಬರ್ ಮೊದಲ ವಾರ ಟೈರಿನ ಸಂದಿನ ಆಳ ಅಳೆಯುವ ಗೇಜ್ ಹಿಡಿದು ನೆಲದಲ್ಲಿ ಕೂರುತ್ತೇನೆ. ಐ-70ರ ಬೆಟ್ಟದ ಭಾಗದಲ್ಲಿ ಸೆಪ್ಟೆಂಬರ್‌ನಿಂದ ಮೇ ಕೊನೆಯವರೆಗೆ ಫೋರ್ ವೀಲ್ ಡ್ರೈವ್ ಗಾಡಿಗೂ ಟೈರಿನ ಸಂದು ಕನಿಷ್ಠ 3/16 ಇಂಚು, ಅಂದರೆ 4.8 ಮಿಲಿಮೀಟರ್ ಆಳ ಇರಬೇಕು. ಆಮೇಲೆ ಗಾಳಿ. 20 ಡಿಗ್ರಿಯಲ್ಲಿ 35 ಪಿಎಸ್‌ಐ ತುಂಬಿದ ಟೈರು ಮೈನಸ್ 15ರ ಬೆಳಿಗ್ಗೆ 29 ತೋರಿಸುತ್ತದೆ. ಪಂಕ್ಚರ್ ಏನೂ ಆಗಿರುವುದಿಲ್ಲ, ಒಳಗಿನ ಗಾಳಿ ಚಳಿಗೆ ಮುದುಡಿರುತ್ತದೆ, ಅಷ್ಟೇ. ಈ ಸಲ ಮುಂದಿನ ಎರಡು ಟೈರು 7 ಮಿಲಿಮೀಟರ್, ಹಿಂದಿನವು 8. ಗೀರುಗಳು ಇನ್ನೂ ಕಾಣುತ್ತಿವೆ. ಹಿಂದಿನದು ಮುಂದೆ, ಮುಂದಿನದು ಹಿಂದೆ ಬದಲಾಯಿಸಿದೆ. ಈ ಚಳಿಗಾಲ ಕಳೆಯುತ್ತದೆ. ಮಗಳು ಗೇಜ್ ಕಸಿದುಕೊಂಡು ತನ್ನ ಸೈಕಲ್ ಟೈರು ಅಳೆಯಲು ಹೋದಳು.