ಪದ ಪರಿಚಯ: ಜೀರ್ಣೋದ್ಧಾರ

ಮಂಗಳೂರಿನಲ್ಲಿ ಹಳೆ ಕಾರುಗಳ ಪ್ರದರ್ಶನಕ್ಕೆ ಹೋದಾಗಲೆಲ್ಲ ಒಂದು ಬೋರ್ಡು ಕಣ್ಣಿಗೆ ಬೀಳುತ್ತದೆ: 'ಮೂಲ ರೂಪದಲ್ಲೇ ಸಂರಕ್ಷಿಸಿದ ಕಾರು'. ಹತ್ತಿರ ಹೋದರೆ ಹೊಸ ಪೇಂಟು, ಹೊಸ ಸೀಟು. ಬಾಗಿಲಿನ ರಬ್ಬರಿಗೂ ಪೇಂಟು ಮೆತ್ತಿಕೊಂಡಿರುತ್ತದೆ. ಇದು ಸಂರಕ್ಷಣೆ ಅಲ್ಲ, ಜೀರ್ಣೋದ್ಧಾರ. ಒಳ್ಳೆ ಕೆಲಸವೇ, ಆದರೆ ಬೇರೆ ಕೆಲಸ.

ಜೀರ್ಣೋದ್ಧಾರ ಅಂದರೇನು ಅಂತ ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ದೇವಸ್ಥಾನ, ದೈವಸ್ಥಾನಗಳ ಜೀರ್ಣೋದ್ಧಾರಕ್ಕೆ ನಾವೆಲ್ಲ ರಶೀದಿ ಮಾಡಿಸಿದವರೇ. ಆದರೆ ಪದವನ್ನು ಬಿಡಿಸಿ ನೋಡುವವರು ಕಡಿಮೆ. ಜೀರ್ಣ ಅಂದರೆ ಸವೆದದ್ದು, ಹಳತಾಗಿ ಶಿಥಿಲವಾದದ್ದು. ಉಂಡದ್ದು ಜೀರ್ಣವಾಯಿತು ಅನ್ನುವಾಗಲೂ ಇದೇ ಪದ: ಇದ್ದ ರೂಪ ಕರಗಿಹೋಗುವುದು. ಉದ್ಧಾರ ಅಂದರೆ ಮೇಲಕ್ಕೆತ್ತುವುದು. ಹಾಗಾಗಿ ಪದದೊಳಗೇ ಒಂದು ಷರತ್ತು ಇದೆ. ವಸ್ತು ಮೊದಲು ಜೀರ್ಣ ಆಗಿರಬೇಕು. ಮಾಡಿನ ಪಕ್ಕಾಸನ್ನು ಗೆದ್ದಲು ತಿಂದಿದ್ದರೆ ಬದಲಿಸಲೇಬೇಕು, ಅದರಡಿ ನಾಳೆಯೂ ಪೂಜೆ ನಡೆಯಬೇಕಲ್ವಾ? ಗಟ್ಟಿಯಾಗಿರುವ ಹಲಸಿನ ಕಂಬವನ್ನು ಹೊಳಪಿಲ್ಲ ಅಂತ ಕಿತ್ತರೆ ಅಲ್ಲಿ ಯಾವ ಉದ್ಧಾರವೂ ಆಗಲಿಲ್ಲ.

ರೇಸ್ ಕಾರಿನ ವಿಷಯದಲ್ಲಿ ಈ ಷರತ್ತು ಇನ್ನೂ ಮುಖ್ಯ. ಆ ಕಾರಿನ ಬೆಲೆ ಇರುವುದೇ ಟ್ರ್ಯಾಕಿನಲ್ಲಿ ನಡೆದದ್ದರಲ್ಲಿ. ಮೂತಿಗೆ ಕಲ್ಲು ಸಿಡಿದ ಚುಕ್ಕೆಗಳು, ನಂಬರಿನ ಮೇಲೆ ಇನ್ನೊಂದು ನಂಬರ್ ಬರೆದ ಬಣ್ಣದ ಪದರ, ಡ್ರೈವರಿನ ಮೊಣಕೈ ತಾಗಿ ಸವೆದ ಅಲ್ಯೂಮಿನಿಯಂ, ಅವಸರದಲ್ಲಿ ಹಾಕಿದ ವೆಲ್ಡಿಂಗ್. ಸ್ಯಾಂಡ್‌ಪೇಪರ್ ಉಜ್ಜಿದ ದಿನ ಅದೆಲ್ಲ ಹೋಯಿತು. ಎಷ್ಟು ದುಡ್ಡು ಕೊಟ್ಟರೂ ಮತ್ತೆ ಬರುವುದಿಲ್ಲ. ಫಿಲಡೆಲ್ಫಿಯಾದ ಸಿಮಿಯೋನ್ ಮ್ಯೂಸಿಯಂನಲ್ಲಿ ಶೆಲ್ಬಿ ಕೋಬ್ರಾ ಡೇಟೋನಾ ಕೂಪೆ ಅನ್ನುವ ರೇಸ್ ಕಾರು ಇದೆ. ತಯಾರಾದ ಆರರಲ್ಲಿ ಮೊದಲನೆಯದು, 1964ರದ್ದು. ಅದನ್ನು ಹೊಸತು ಮಾಡಲು ಹೋಗದೆ ಹಾಗೇ ಉಳಿಸಿಕೊಂಡಿದ್ದಾರೆ. 2014ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಿಜಿಸ್ಟರಿಗೆ ಮೊಟ್ಟಮೊದಲು ಸೇರಿದ ಕಾರು ಅದೇ.

ಹಾಗೇ ಉಳಿಸುವುದು ಅಂದರೆ ಸುಮ್ನೆ ಬಿಟ್ಟುಬಿಡುವುದಲ್ಲ. ನಮ್ಮದು ಉಪ್ಪು ಗಾಳಿಯ ಊರು. ಮಳೆಗಾಲದಲ್ಲಿ ಟಾರ್ಪಾಲು ಬಿಗಿದು ಶೆಡ್ಡಿಗೆ ತಳ್ಳಿದರೆ ಪಸೆ ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಒಣಗಿದ ಜಾಗ, ಗಾಳಿ, ತೆಳ್ಳಗೆ ಎಣ್ಣೆ, ಇದ್ದ ತುಕ್ಕು ಮುಂದುವರಿಯದಂತೆ ಕಾವಲು: ಸಂರಕ್ಷಣೆ ಅಂದರೆ ಇದು.

ಇನ್ನು 'ಒರಿಜಿನಲ್'. ಇದನ್ನು ಇನ್ನೂ ಜಾಸ್ತಿ ಸಲೀಸಾಗಿ ಬಳಸುತ್ತಾರೆ. 1929 ಮತ್ತು 1930ರಲ್ಲಿ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ ರೇಸ್ ಗೆದ್ದ ಬೆಂಟ್ಲಿ ಕಾರು 'ಓಲ್ಡ್ ನಂಬರ್ ಒನ್' ಆಮೇಲೂ ರೇಸ್‌ಗಳಲ್ಲಿ ಓಡಿತು. ಬಾಡಿ ಬದಲಾಯಿತು, ಎಂಜಿನ್ ಬದಲಾಯಿತು. ಇದು ಆ ಕಾರೇ ಹೌದಾ ಅಂತ 1990ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಕೇಸು ನಡೆಯಿತು. ನ್ಯಾಯಾಧೀಶರು ಅದನ್ನು ಒರಿಜಿನಲ್ ಅಂತ ಒಪ್ಪಲಿಲ್ಲ. ಆದರೆ ಭಾಗಗಳು ಒಂದೊಂದಾಗಿ, ವರ್ಷಗಳ ಕಾಲ, ಓಡುತ್ತಲೇ ಬದಲಾದವು, ಕಾರಿನ ಗುರುತು ಎಲ್ಲೂ ಕಡಿಯಲಿಲ್ಲ, ಹಾಗಾಗಿ 'ಓಲ್ಡ್ ನಂಬರ್ ಒನ್' ಅನ್ನುವ ಹೆಸರು ಅದಕ್ಕೇ ಸಲ್ಲಬೇಕು ಅಂದರು.